ಡೊಲೊರೆಸ್ ದೆಲ್ ರಿಯೊ: ಹಾಲಿವುಡ್‌ನಿಂದ ತಾಯ್ನಾಡಿಗೆ

ಮೂಕಿ ಚಿತ್ರಗಳ ಕಾಲದಲ್ಲಿ ನಟಿಯ ಮಾತೃಭಾಷೆ ಯಾವುದೆಂದು ಪ್ರೇಕ್ಷಕರು ಕೇಳುವ ಪ್ರಮೇಯವೇ ಇರಲಿಲ್ಲ. ತೆರೆಯ ಮೇಲೆ ಮಾತೇ ಇರಲಿಲ್ಲವಲ್ಲ! ಮೆಕ್ಸಿಕೊದ ಡೊಲೊರೆಸ್ ದೆಲ್ ರಿಯೊ ಹಾಲಿವುಡ್‌ನಲ್ಲಿ ಒಮ್ಮೆ ಫ್ರೆಂಚ್ ಹಳ್ಳಿಯ ಹುಡುಗಿಯಾಗಿ, ಮತ್ತೊಮ್ಮೆ ಟಾಲ್‌ಸ್ಟಾಯ್ ಕಾದಂಬರಿಯ ರಷ್ಯನ್ ನಾಯಕಿಯಾಗಿ ನಟಿಸಲು ಸಾಧ್ಯವಾದದ್ದು ಹೀಗೆ.

ಆಕೆ ಹುಟ್ಟಿದ್ದು 1904ರಲ್ಲಿ, ಉತ್ತರ ಮೆಕ್ಸಿಕೊದ ದುರಾಂಗೊ ನಗರದಲ್ಲಿ. ತಂದೆ ಬ್ಯಾಂಕಿನ ಅಧಿಕಾರಿ. 1910ರಲ್ಲಿ ಆರಂಭವಾದ ಕ್ರಾಂತಿಯಲ್ಲಿ ಕುಟುಂಬ ಆಸ್ತಿಯನ್ನು ಕಳೆದುಕೊಂಡಿತು; ತಾಯಿ ಮಗಳು ಮೆಕ್ಸಿಕೊ ನಗರಕ್ಕೆ ಬಂದು ನೆಲೆಸಿದರು. 1921ರಲ್ಲಿ, ಇನ್ನೂ ಹದಿಹರೆಯದಲ್ಲಿಯೇ, ಜೈಮೆ ಮಾರ್ಟಿನೆಸ್ ದೆಲ್ ರಿಯೊ ಎಂಬ ಶ್ರೀಮಂತನೊಂದಿಗೆ ಮದುವೆಯಾಯಿತು. 1925ರಲ್ಲಿ ಅಮೆರಿಕದ ನಿರ್ದೇಶಕ ಎಡ್ವಿನ್ ಕ್ಯಾರ್ಯೂ ಆಕೆಯನ್ನು ಕಂಡು ಹಾಲಿವುಡ್‌ಗೆ ಆಹ್ವಾನಿಸಿದ. ಮೂರೇ ವರ್ಷಗಳಲ್ಲಿ, 1928ರ 'ರಮೋನಾ' ತೆರೆ ಕಾಣುವ ವೇಳೆಗೆ, ಆಕೆ ದೊಡ್ಡ ತಾರೆಯಾಗಿದ್ದಳು.

ಅನಂತರ ಚಿತ್ರಗಳು ಮಾತನಾಡತೊಡಗಿದವು. ಉಚ್ಚಾರಣೆಯಲ್ಲಿ ಪರಭಾಷೆಯ ಛಾಯೆ ಇದ್ದವರಿಗೆ ದೊರೆತದ್ದು 'ವಿದೇಶಿ ಸುಂದರಿ'ಯ ಪಾತ್ರಗಳು. 1932ರ 'ಬರ್ಡ್ ಆಫ್ ಪ್ಯಾರಡೈಸ್'ನಲ್ಲಿ ಆಕೆ ಪೆಸಿಫಿಕ್ ದ್ವೀಪದ ಕನ್ಯೆ; 1933ರ 'ಫ್ಲೈಯಿಂಗ್ ಡೌನ್ ಟು ರಿಯೊ'ದಲ್ಲಿ ಬ್ರೆಜಿಲ್‌ನ ಯುವತಿ. ನಾಯಕಿ ಆಕೆಯೇ ಆದರೂ ಈ ಎರಡನೆಯ ಚಿತ್ರವನ್ನು ಜನ ನೆನೆಯುವುದು ಫ್ರೆಡ್ ಆಸ್ಟೇರ್ ಮತ್ತು ಜಿಂಜರ್ ರಾಜರ್ಸ್ ಮೊದಲ ಬಾರಿಗೆ ಜೊತೆಯಾಗಿ ಕುಣಿದದ್ದಕ್ಕಾಗಿ. ತನ್ನನ್ನು 'ಸ್ಪ್ಯಾನಿಷ್' ನಟಿಯೆಂದು ಪ್ರಚಾರ ಮಾಡಿದಾಗ ಆಕೆ ಒಪ್ಪಲಿಲ್ಲ. ತಾನು ಮೆಕ್ಸಿಕೊದವಳೆಂದೇ ಹೇಳಿಕೊಂಡಳು. ಆ ಕಾಲದ ಹಾಲಿವುಡ್‌ನಲ್ಲಿ ಅದು ಸಣ್ಣ ಧೈರ್ಯವಲ್ಲ.

ಪಾತ್ರಗಳು ಸೊರಗಿದಾಗ, ನಲವತ್ತರ ಅಂಚಿನಲ್ಲಿದ್ದ ಆಕೆ ತಾಯ್ನಾಡಿಗೆ ಮರಳಿದಳು. 1943ರ 'ಫ್ಲೋರ್ ಸಿಲ್ವೆಸ್ತ್ರೆ' ಆಕೆಯ ಮೊದಲ ಸ್ಪ್ಯಾನಿಷ್ ಚಿತ್ರ. ಎರಡು ದಶಕಗಳ ಹತ್ತಿರದ ಚಿತ್ರಜೀವನದ ಬಳಿಕ ಸ್ವಂತ ಭಾಷೆಯಲ್ಲಿ ಆಡಿದ ಮೊದಲ ಪಾತ್ರ ಅದು! ನಿರ್ದೇಶಕ ಎಮಿಲಿಯೊ ಫರ್ನಾಂಡೆಸ್, ಛಾಯಾಗ್ರಾಹಕ ಗ್ಯಾಬ್ರಿಯೆಲ್ ಫಿಗೆರೋವಾ, ಸಹನಟ ಪೆದ್ರೊ ಅರ್ಮೆಂಡಾರಿಸ್ ಇವರೊಂದಿಗೆ ಆಕೆ ಮುಂದೆ ಮಾಡಿದ 'ಮರಿಯಾ ಕಾಂಡೆಲಾರಿಯಾ' ಇಂದಿಗೂ ನೋಡತಕ್ಕ ಚಿತ್ರ. ಸೊಚಿಮಿಲ್ಕೊದ ಕಾಲುವೆಗಳ ನಡುವೆ ಹೂವು ಮಾರುವ ಬಡ ಆದಿವಾಸಿ ಹೆಣ್ಣನ್ನು ಊರೇ ಸೇರಿ ಕಲ್ಲೆಸೆದು ಕೊಲ್ಲುವ ಕಥೆ. ಸಿರಿವಂತರ ಮಗಳು ಬರಿಗಾಲಿನ ಆದಿವಾಸಿಯಾದದ್ದು ನಂಬುವಂತಿದೆಯೇ ಎಂದು ಕೇಳಬಹುದು. ಆ ಮುಖ ಕೊಂಚ ಅತಿಯಾಗಿ ತಿದ್ದಿದಂತಿದೆ ಎಂಬುದು ನನ್ನ ಅನಿಸಿಕೆ. ಆದರೆ ಫಿಗೆರೋವಾ ಸೆರೆಹಿಡಿದ ಆಕಾಶ, ನೀರು, ಮೌನ ಇವುಗಳ ಮುಂದೆ ಆ ಆಕ್ಷೇಪ ಹೆಚ್ಚು ಹೊತ್ತು ನಿಲ್ಲುವುದಿಲ್ಲ. 1946ರ ಕಾನ್ ಚಿತ್ರೋತ್ಸವದಲ್ಲಿ ಅತ್ಯುನ್ನತ ಪ್ರಶಸ್ತಿಯನ್ನು ಹನ್ನೊಂದು ಚಿತ್ರಗಳು ಹಂಚಿಕೊಂಡವು. ಅವುಗಳಲ್ಲಿ ಇದೂ ಒಂದು. ನಮ್ಮ ಚೇತನ್ ಆನಂದರ 'ನೀಚಾ ನಗರ್' ಮತ್ತೊಂದು.

1954ರಲ್ಲಿ ಇನ್ನೊಂದು ತಿರುವು. 'ಬ್ರೋಕನ್ ಲ್ಯಾನ್ಸ್' ಚಿತ್ರಕ್ಕಾಗಿ ಹಾಲಿವುಡ್ ಮತ್ತೆ ಕರೆಯಿತು. ಆದರೆ ಅಮೆರಿಕದಲ್ಲಿ ಅದು ಕಮ್ಯುನಿಸ್ಟರೆಂದು ಶಂಕಿಸಿ ಕಲಾವಿದರನ್ನು ದೂರವಿಡುತ್ತಿದ್ದ ಕಾಲ. ಸ್ಪೇನಿನಿಂದ ಓಡಿಬಂದ ಫ್ರಾಂಕೊ ವಿರೋಧಿ ನಿರಾಶ್ರಿತರಿಗೆ ನೆರವಾದಳೆಂಬ ಆಪಾದನೆಯ ಮೇಲೆ ಆಕೆಗೆ ಪ್ರವೇಶ ದೊರೆಯಲಿಲ್ಲ. ಆ ಪಾತ್ರ ಮೆಕ್ಸಿಕೊದವಳೇ ಆದ ಕೇಟಿ ಹುರಾಡೊಗೆ ಹೋಯಿತು. ಹುರಾಡೊ ಅದಕ್ಕಾಗಿ ಆಸ್ಕರ್ ನಾಮಕರಣ ಪಡೆದಳು. ದೆಲ್ ರಿಯೊ ಮತ್ತೆ ಹಾಲಿವುಡ್ ಚಿತ್ರದಲ್ಲಿ ಕಾಣಿಸಿಕೊಂಡದ್ದು 1960ರಲ್ಲಿ, ಎಲ್ವಿಸ್ ಪ್ರೀಸ್ಲಿಯ ತಾಯಿಯಾಗಿ.

ಐವತ್ತು ದಾಟಿದ ಮೇಲೆ ಆಕೆ ರಂಗಭೂಮಿಗೂ ಬಂದಳು. ಕ್ಯಾಮೆರಾದ ಸಮೀಪ ದೃಶ್ಯಗಳಲ್ಲಿ ಬೆಳೆದ ನಟಿಗೆ ಕೊನೆಯ ಸಾಲಿನ ಪ್ರೇಕ್ಷಕನಿಗೂ ಕೇಳುವಂತೆ ಮಾತನಾಡುವುದು ಹೊಸ ವಿದ್ಯೆಯೇ ಸರಿ. ಆಸ್ಕರ್ ವೈಲ್ಡ್, ಇಬ್ಸನ್ ಇವರ ನಾಟಕಗಳಲ್ಲಿ ಆಕೆ ನಟಿಸಿದಳು. 1970ರ ದಶಕದಲ್ಲಿ, ದುಡಿಯುವ ನಟಿಯರ ಮಕ್ಕಳಿಗಾಗಿ ಮೆಕ್ಸಿಕೊ ನಗರದಲ್ಲಿ ಶಿಶುವಿಹಾರವೊಂದನ್ನು ಕಟ್ಟಿ ನಡೆಸಿದಳು.

1983ರ ಏಪ್ರಿಲ್‌ನಲ್ಲಿ ಆಕೆ ತೀರಿಕೊಂಡದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಅಸ್ಥಿಯನ್ನು ಇರಿಸಿದ್ದು ಮಾತ್ರ ಮೆಕ್ಸಿಕೊ ನಗರದಲ್ಲಿ.