ಮೂರೂವರೆ ನಿಮಿಷದಲ್ಲಿ ತೆರೆಯದ ಕಂಠ

ಪುಣೆಯ ಬಿಬವೇವಾಡಿಯಿಂದ ಸ್ವಾರಗೇಟಿನ ಕಡೆಗೆ ಹೊರಟರೆ, ಮಾರ್ಕೆಟ್ ಯಾರ್ಡಿನ ಲಾರಿಗಳ ಗದ್ದಲ ದಾಟಿದ ಮೇಲೆ ಮುಕುಂದನಗರ ಸಿಗುತ್ತದೆ. ಅಲ್ಲಿನ ಮಹಾರಾಷ್ಟ್ರೀಯ ಮಂಡಳದ ಕ್ರೀಡಾ ಸಂಕುಲದಲ್ಲಿ 2018ರಿಂದ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ ನಡೆಯುತ್ತಿದೆ. ನಡುವೆ ಕೊರೊನಾ ಕಾಲದಲ್ಲಿ ಮಾತ್ರ ಅದು ನಿಂತಿತ್ತು. ಅದಕ್ಕೂ ಮೊದಲು ಬಹುಕಾಲ ರಮಣಬಾಗಿನ ಶಾಲೆಯ ಮೈದಾನದಲ್ಲಿ ನಡೆಯುತ್ತಿತ್ತು. ಡಿಸೆಂಬರಿನ ಚಳಿಯಲ್ಲಿ ಶಾಲು ಹೊದ್ದು ಬಂದ ಸಾವಿರಾರು ಜನ ದಿನಗಟ್ಟಲೆ ಕುಳಿತು ಕೇಳುತ್ತಾರೆ. ಕೊನೆಯ ದಿನ ಕೊನೆಯ ಕಲಾವಿದರ ಗಾಯನ ಮುಗಿದ ಮೇಲೆ ಒಂದು ಪದ್ಧತಿಯುಂಟು. ಧ್ವನಿವರ್ಧಕದಲ್ಲಿ ಒಂದು ಹಳೆಯ ಗ್ರಾಮಫೋನ್ ರೆಕಾರ್ಡ್ ಹಾಕುತ್ತಾರೆ. ಭೈರವಿ ರಾಗದ ಠುಮ್ರಿ. ಹಾಡಿದವರು ಸವಾಯಿ ಗಂಧರ್ವ. ಅದು ಮುಗಿದರೆ ಉತ್ಸವವೂ ಮುಗಿಯಿತು.

ಪುಣೆಯವರ ಬಾಯಲ್ಲಿ ಈ ಉತ್ಸವದ ಹೆಸರು ಬರೀ ‘ಸವಾಯಿ’. ಈ ಸಲ ಸವಾಯಿಗೆ ಯಾರು ಯಾರು ಬರುತ್ತಿದ್ದಾರೆ ಎಂದು ಕೇಳುವಾಗ ಆ ಪದದ ಹಿಂದೆ ಕುಂದಗೋಳದ ಒಬ್ಬ ಕನ್ನಡಿಗನಿದ್ದಾನೆ ಎಂಬುದು ಎಲ್ಲರ ನೆನಪಿಗೂ ಬರುವುದಿಲ್ಲ. ಹೆಸರು ಇಷ್ಟು ದೊಡ್ಡದಾಗಿ ಬೆಳೆದ ಗಾಯಕನ ದನಿ ಇಷ್ಟು ಕಡಿಮೆ ಕೇಳಿಸಿಕೊಂಡಿರುವುದು ನಮ್ಮ ಸಂಗೀತದ ಇತಿಹಾಸದ ಒಂದು ವಿಚಿತ್ರ. ಭೀಮಸೇನ ಜೋಶಿಯವರ ಗುರು, ಗಂಗೂಬಾಯಿ ಹಾನಗಲ್ಲರ ಗುರು ಎಂದು ಅವರನ್ನು ಪರಿಚಯಿಸುತ್ತೇವೆ. ಅವರ ರೆಕಾರ್ಡ್ ಹಾಕಿ ಮೊದಲ ಸಲ ಕೇಳಿದವರಲ್ಲಿ ಅನೇಕರು ಒಳಗೊಳಗೇ ಪೆಚ್ಚಾಗುತ್ತಾರೆ. ದನಿ ಒರಟು. ಸ್ವರ ಹತ್ತುವಾಗ ಎಲ್ಲೋ ಗಂಟಲಿಗೆ ತಡೆ ಸಿಕ್ಕಂತಿದೆ. ಇಷ್ಟೇನೇ ಅನ್ನಿಸುತ್ತದೆ.

ಇಷ್ಟೇ ಅಲ್ಲ. ಹಾಗೇಕೆ ಕೇಳುತ್ತದೆ ಎಂದು ತಿಳಿಯಲು ಆ ಕಂಠದ ಕತೆಯನ್ನೂ ಆ ತಟ್ಟೆಯ ಕತೆಯನ್ನೂ ಒಟ್ಟಿಗೆ ನೋಡಬೇಕು.

ರಾಮಚಂದ್ರ ಗಣೇಶ ಸಂಶಿ ಹುಟ್ಟಿದ್ದು 1886ರ ಜನವರಿ 19ರಂದು, ಕುಂದಗೋಳದಲ್ಲಿ. ಹುಬ್ಬಳ್ಳಿಯಿಂದ ಇಪ್ಪತ್ತು ಕಿಲೋಮೀಟರಿನಷ್ಟು ದೂರದ ಆ ಊರು ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ತಂದೆ ಕುಂದಗೋಳದ ನಾಡಿಗೇರ ಮನೆತನದಲ್ಲಿ ಗುಮಾಸ್ತರು. ಹುಡುಗನ ದನಿ ಇಂಪಾಗಿತ್ತು. ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಅವನನ್ನು ಶಿಷ್ಯನನ್ನಾಗಿ ಸ್ವೀಕರಿಸಿದರು. ಆಮೇಲೆ ಆದದ್ದು ಹಾಡುವ ಹುಡುಗರ ಪಾಲಿನ ಹಳೆಯ ಸಂಕಟ: ವಯಸ್ಸಿಗೆ ಬರುವಾಗ ಕಂಠ ಒಡೆಯಿತು. ಒಡೆದದ್ದು ಮತ್ತೆ ಮೊದಲಿನ ಹಾಗೆ ಕೂಡಲಿಲ್ಲ. ದನಿ ದಪ್ಪವಾಯಿತು, ಬಿರುಸಾಯಿತು, ಹೇಳಿದ ಹಾಗೆ ಕೇಳದಾಯಿತು.

ಗುರುವಿನ ಕಂಠವೋ ಇದಕ್ಕೆ ತೀರ ವಿರುದ್ಧ. ಖಾನ್ ಸಾಹೇಬರದು ತೆಳುವಾದ, ಎತ್ತರದ, ಜೇನಿನ ಎಳೆಯಂಥ ದನಿ. ಒಂದೊಂದೇ ಸ್ವರವನ್ನು ಹಿಡಿದು, ನಿಂತು, ಅದರ ಸುತ್ತ ಸುಳಿದು, ಮುಂದಿನ ಸ್ವರಕ್ಕೆ ನಿಧಾನವಾಗಿ ಕಾಲಿಡುವುದು ಕಿರಾನಾ ಶೈಲಿ. ಅದಕ್ಕೆ ಹೇಳಿ ಮಾಡಿಸಿದ ಕಂಠ ಗುರುವಿನದು. ಶಿಷ್ಯನಿಗೆ ಸಿಕ್ಕಿದ್ದು ಅದೇ ಶೈಲಿ, ಆದರೆ ಅದಕ್ಕೆ ಒಗ್ಗದ ಗಂಟಲು. ಬೇರೆಯವರಾಗಿದ್ದರೆ ಸಂಗೀತ ಬಿಡುತ್ತಿದ್ದರು, ಇಲ್ಲವೇ ತಮ್ಮ ದನಿಗೆ ಸುಲಭವಾದ ದಾರಿ ಹುಡುಕುತ್ತಿದ್ದರು. ರಾಮಭಾವು ವರ್ಷಗಟ್ಟಲೆ ಸಾಧನೆ ಮಾಡಿ ಆ ಒರಟು ಗಂಟಲಿನಿಂದಲೇ ಸೂಕ್ಷ್ಮವಾದ ಸ್ವರ ಹೊರಡುವಂತೆ ಮಾಡಿಕೊಂಡರು. ಆದರೆ ಅದಕ್ಕೊಂದು ಬೆಲೆಯಿತ್ತು. ಕಛೇರಿಗೆ ಕುಳಿತ ಕೂಡಲೇ ಆ ದನಿ ಒಲಿಯುತ್ತಿರಲಿಲ್ಲ. ಷಡ್ಜ ನೆಲೆಗೊಳ್ಳಬೇಕು, ಮಂದ್ರದಲ್ಲಿ ಹೊತ್ತು ಕಳೆಯಬೇಕು, ಗಂಟಲು ಕಾಯಬೇಕು. ಅರ್ಧ ಗಂಟೆಯೋ ಅದಕ್ಕಿಂತ ಹೆಚ್ಚೋ ಆದ ಮೇಲೆ, ಕೀಲಿ ತಿರುಗಿದ ಹಾಗೆ, ದನಿ ತೆರೆದುಕೊಳ್ಳುತ್ತಿತ್ತು. ತೆರೆದ ಮೇಲೆ ಅದಕ್ಕೆ ಎದುರಿಲ್ಲ ಎಂಬುದು ಬೈಠಕ್ಕುಗಳಲ್ಲಿ ಕುಳಿತು ಕೇಳಿದ ಪೀಳಿಗೆಯ ಮಾತು.

ನಡುವೆ ನಾಟಕವೂ ಬಂತು. ಗುರುವಿಗೆ ಇಷ್ಟವಿಲ್ಲದಿದ್ದರೂ ರಾಮಭಾವು ಮರಾಠಿ ಸಂಗೀತ ನಾಟಕ ಕಂಪನಿ ಸೇರಿದರು. ಗಂಡಸರೇ ಹೆಣ್ಣಿನ ಪಾತ್ರ ಮಾಡುತ್ತಿದ್ದ ಕಾಲ ಅದು. ಅಣ್ಣಾಸಾಹೇಬ ಕಿರ್ಲೋಸ್ಕರರ ‘ಸೌಭದ್ರ’ದಲ್ಲಿ ಅವರು ಸುಭದ್ರೆ. ಆ ಪಾತ್ರದ ಹಾಡುಗಾರಿಕೆ ಕೇಳಿ ಮೆಚ್ಚಿದ ದಾದಾಸಾಹೇಬ ಖಾಪರ್ಡೆಯವರು ಅವರನ್ನು ‘ಸವಾಯಿ ಗಂಧರ್ವ’ ಎಂದು ಕರೆದರು. ಮರಾಠಿ ರಂಗಭೂಮಿಯಲ್ಲಿ ಆಗಲೇ ಬಾಲಗಂಧರ್ವರಿದ್ದರು. ಸವಾಯಿ ಎಂದರೆ ಒಂದೂಕಾಲು. ಗಂಧರ್ವನಿಗಿಂತ ಕಾಲು ಪಾಲು ಹೆಚ್ಚು ಎಂಬ ಹೊಗಳಿಕೆ. ಅಂದಿನಿಂದ ಹುಟ್ಟು ಹೆಸರು ಹಿಂದೆ ಸರಿದು ಬಿರುದೇ ಉಳಿಯಿತು.

ಇನ್ನು ತಟ್ಟೆಯ ಕತೆ. ಅರಗಿನ ಗ್ರಾಮಫೋನ್ ರೆಕಾರ್ಡ್ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಹತ್ತು ಇಂಚಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಮೂರರಿಂದ ಮೂರೂವರೆ ನಿಮಿಷದ ಹಾಡು. ಮೇಣದ ತಟ್ಟೆಯ ಮೇಲೆ ಸೂಜಿ ಇಳಿದರೆ ಮುಗಿಯಿತು, ನಡುವೆ ನಿಲ್ಲಿಸಿ ತಿದ್ದುವಂತಿಲ್ಲ, ತುಂಡು ಜೋಡಿಸುವಂತಿಲ್ಲ. 1920ರ ದಶಕದ ಕೊನೆಯ ಹೊತ್ತಿಗೆ ವಿದ್ಯುತ್ ಮೈಕ್ರೋಫೋನ್ ಬಂದು ಧ್ವನಿಯ ಸೂಕ್ಷ್ಮ ಹೆಚ್ಚು ದಾಖಲಾಗತೊಡಗಿತು. ಆದರೆ ಕಾಲದ ಅಳತೆ ಬದಲಾಗಲಿಲ್ಲ.

ಅದೇ ಕಾಲದಲ್ಲಿ ಅಮೆರಿಕದ ಬ್ಲೂಸ್ ಗಾಯಕರೂ ಜಾಝ್ ವಾದಕರೂ ಮೂರು ನಿಮಿಷದ ಇದೇ ತಟ್ಟೆಗೆ ತಮ್ಮ ಹಾಡನ್ನು ಹೊಂದಿಸಿಕೊಂಡರು. ಅಲ್ಲಿ ಹಾಡಿನ ಗಾತ್ರವೇ ತಟ್ಟೆಯ ಗಾತ್ರಕ್ಕೆ ಹತ್ತಿರವಿತ್ತು. ಖಯಾಲಿನ ಕತೆ ಬೇರೆ. ಒಂದು ಗಂಟೆ ಬೆಳೆಯುವ ರಾಗವನ್ನು ಮೂರೂವರೆ ನಿಮಿಷಕ್ಕೆ ಇಳಿಸುವುದೆಂದರೆ ಹೊಳೆಯನ್ನು ತಂಬಿಗೆಯಲ್ಲಿ ತೋರಿಸಿದ ಹಾಗೆ. ಕೆಲವರು ಅದನ್ನು ಗೆದ್ದರು. ಮೊದಲ ಸ್ವರದಲ್ಲೇ ಇಂಪು ತುಂಬಿದ್ದ ಅಬ್ದುಲ್ ಕರೀಂ ಖಾನರ 1930ರ ದಶಕದ ರೆಕಾರ್ಡುಗಳು ಊರೂರಿನ ಅಂಗಡಿಗಳಲ್ಲಿ ಮೊಳಗಿದವು. ಗದುಗಿನಲ್ಲಿ ಅಂಥದೊಂದು ರೆಕಾರ್ಡ್ ಕೇಳಿ ಹುಚ್ಚು ಹಿಡಿಸಿಕೊಂಡ ಹುಡುಗ ಭೀಮಸೇನ 1933ರಲ್ಲಿ ಸಂಗೀತ ಕಲಿಯಲು ಮನೆಬಿಟ್ಟು ಓಡಿದ. ತಟ್ಟೆಗೆ ಅಷ್ಟು ಶಕ್ತಿಯಿತ್ತು, ಅದಕ್ಕೆ ಒಗ್ಗುವ ದನಿಯಿದ್ದರೆ.

ಸವಾಯಿ ಗಂಧರ್ವರಿಗೆ ದನಿ ತೆರೆಯಲು ಅರ್ಧ ಗಂಟೆ ಬೇಕು. ತಟ್ಟೆ ಕೊಡುತ್ತಿದ್ದುದು ಮೂರೂವರೆ ನಿಮಿಷ. ಗಣಿತ ಇಷ್ಟೇ. ನಾವು ಇಂದು ಕೇಳುವ ಅವರ ಶಂಕರಾ, ಸೂರ್ ಮಲ್ಹಾರ್, ಭೈರವಿಗಳಲ್ಲಿ ಸಿಗುವುದು ಹೆಚ್ಚಾಗಿ ಆ ಕಂಠದ ಹೊಸ್ತಿಲು. ಒಳಮನೆ ಕೇಳಿದವರ ಜೊತೆಗೇ ಹೋಯಿತು.

ಹಾಗಾದರೆ ಈ ರೆಕಾರ್ಡುಗಳು ಬರೀ ಕೊರತೆಯ ದಾಖಲೆಯೇ? ಎರಡನೇ ಸಲ, ಮೂರನೇ ಸಲ ಕೇಳಿದವರಿಗೆ ಹಾಗನ್ನಿಸುವುದಿಲ್ಲ. ಇಂಪಾದ ದನಿ ಸ್ವರವನ್ನು ಮುಟ್ಟಿದಾಗ ಕಿವಿಗೆ ಹಿತವಾಗುತ್ತದೆ. ತಡೆ ಇರುವ ದನಿ ಅದೇ ಸ್ವರವನ್ನು ಮುಟ್ಟಿದಾಗ, ಮುಟ್ಟುವ ಮೊದಲಿನ ದೂರವೂ ಕೇಳಿಸುತ್ತದೆ. ಭೈರವಿಯ ಆ ಠುಮ್ರಿ ಕಣ್ಣೆದುರು ಇಲ್ಲದವರಿಗಾಗಿ ಹಂಬಲಿಸುವ ಹಾಡು. ಅದನ್ನು ನುಣುಪಾದ ಕಂಠದಲ್ಲಿ ಹಾಡಿದರೆ ಹಂಬಲ ಅಲಂಕಾರವಾಗಿಬಿಡುವ ಅಪಾಯವುಂಟು. ಇಲ್ಲಿ ಹಾಗಾಗುವುದಿಲ್ಲ. ಅವರು ಸ್ವರವನ್ನು ಸುಮ್ಮನೆ ಎತ್ತಿಕೊಳ್ಳುವುದಿಲ್ಲ, ಅದರ ಬಳಿಗೆ ಹೋಗುತ್ತಾರೆ. ಸೂಜಿಯ ಕರಕರ ಸದ್ದಿನ ನಡುವೆ ದಪ್ಪ ದನಿಯೊಂದು ಸೂಕ್ಷ್ಮವಾದ ಕೋಮಲ ಸ್ವರಕ್ಕೆ ಬಾಗುವುದು ಕೇಳುತ್ತದೆ. ಗಟ್ಟಿ ಮುಟ್ಟಾದ ರೈತನೊಬ್ಬ ಮಲಗಿದ ಕೂಸನ್ನು ಎತ್ತಿಕೊಳ್ಳುವಾಗಿನ ಎಚ್ಚರ ಅದರಲ್ಲಿದೆ. ಕರುಣೆ ಹುಟ್ಟುವುದು ಅಲ್ಲಿ.

ಈ ಎಚ್ಚರವನ್ನೇ ಅವರು ಕಲಿಸಿದ್ದು ಕೂಡ. ಗಂಗೂಬಾಯಿ ಹಾನಗಲ್ಲರು ಪಾಠಕ್ಕಾಗಿ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಬರುತ್ತಿದ್ದರು. ಒಂದೇ ಸ್ವರಪುಂಜವನ್ನು ದಿನಗಟ್ಟಲೆ ಹಾಡಿಸುತ್ತಿದ್ದ ಗುರು, ಜಿಪುಣ ಹಣ ಬಿಚ್ಚುವ ಹಾಗೆ ಸ್ವರ ಬಿಚ್ಚಬೇಕು ಎಂದು ಕಲಿಸಿದ್ದನ್ನು ಅವರು ಕೊನೆಯವರೆಗೂ ನೆನೆಯುತ್ತಿದ್ದರು. ಸ್ವರವೊಂದು ಸುಲಭವಾಗಿ ಸಿಗುವವನಿಗೆ ಈ ಮಾತು ಹೊಳೆಯುವುದು ಕಷ್ಟ. ಪ್ರತಿ ಸ್ವರಕ್ಕೂ ಬೆವರು ತೆತ್ತವನಿಗೆ ಅದರ ಬೆಲೆ ಗೊತ್ತು.

ಗಂಗೂಬಾಯಿಯವರ ಬಾಳಿನಲ್ಲೂ ಅದೇ ಪರೀಕ್ಷೆ ಬಂತು. 1930ರ ದಶಕದ ಆರಂಭದಲ್ಲಿ ‘ಗಾಂಧಾರಿ ಹುಬ್ಬಳ್ಳಿ’ ಎಂಬ ಹೆಸರಿನಲ್ಲಿ ಹೊರಬಂದ ಅವರ ರೆಕಾರ್ಡುಗಳಲ್ಲಿರುವುದು ತೆಳುವಾದ, ಎತ್ತರದ ಹೆಣ್ಣು ದನಿ. ಮುಂದೆ ಗಂಟಲಿನ ಚಿಕಿತ್ಸೆಯಾದ ಮೇಲೆ ಅದು ಗಡಸಾಗಿ, ಗಂಡು ದನಿಯಂತಾಯಿತು. ಇಂಪು ಹೋಯಿತೆಂದು ಅವರು ಹಾಡು ನಿಲ್ಲಿಸಲಿಲ್ಲ. ಒಡೆದ ಕಂಠದಿಂದ ಸಂಗೀತ ಕಟ್ಟಿದ ಗುರುವಿನ ಬಳಿ ಕಲಿತವರು ಅವರು. ಹೊಸ ದನಿಯಲ್ಲಿ ಅವರು ಹಾಡಿದ ಸಂಗೀತವೇ ನಾವು ಗಂಗೂಬಾಯಿ ಎಂದು ಬಲ್ಲ ಸಂಗೀತ. 2002ರಲ್ಲಿ ಪದ್ಮವಿಭೂಷಣ ಬಂದದ್ದೂ ಅದಕ್ಕೇ.

ಊರೂರು ಅಲೆದು 1936ರ ಸುಮಾರಿಗೆ ಕುಂದಗೋಳಕ್ಕೆ ಬಂದ ಭೀಮಸೇನರು ಗುರುಗಳ ಮನೆಯಲ್ಲೇ ಇದ್ದು, ನೀರು ಹೊತ್ತು, ಸೇವೆ ಮಾಡಿ ಕಲಿತರು. ಮುಂಬಯಿಯ ಫಿರೋಜ್ ದಸ್ತೂರರೂ ಶಿಷ್ಯರಾದರು. ದಸ್ತೂರರದು ಮೃದು ಕಂಠ, ಭೀಮಸೇನರದು ಗುಡುಗು, ಗಂಗೂಬಾಯಿಯವರದು ಕಂಚು. ಒಬ್ಬರಂತೆ ಒಬ್ಬರಿಲ್ಲ. ತನ್ನ ಗುರುವಿನ ದನಿಯನ್ನು ಅನುಕರಿಸಲಾಗದೆ ತನ್ನದೇ ದಾರಿ ಮಾಡಿಕೊಂಡ ಮನುಷ್ಯ ಶಿಷ್ಯರಿಗೂ ಅವರವರ ದಾರಿ ಬಿಟ್ಟುಕೊಟ್ಟನೆಂದು ತೋರುತ್ತದೆ.

1942ರ ಸುಮಾರಿಗೆ ಸವಾಯಿ ಗಂಧರ್ವರಿಗೆ ಪಾರ್ಶ್ವವಾಯು ಬಡಿಯಿತು. ಅಷ್ಟು ಕಷ್ಟಪಟ್ಟು ಪಳಗಿಸಿದ ಕಂಠ ಮೊದಲಿನಂತೆ ಕಛೇರಿಗೆ ಒದಗದಾಯಿತು. 1946ರಲ್ಲಿ ಪುಣೆಯಲ್ಲಿ ಅವರ ಷಷ್ಟ್ಯಬ್ದಿ ನಡೆದಾಗ ಗುರುವಿನೆದುರು ಹಾಡಿದ ಭೀಮಸೇನರ ಮೇಲೆ ಆ ಊರಿನ ಕಣ್ಣು ಬಿತ್ತು. 1952ರ ಸೆಪ್ಟೆಂಬರ್ 12ರಂದು ಸವಾಯಿ ಗಂಧರ್ವರು ಪುಣೆಯಲ್ಲೇ ತೀರಿಕೊಂಡರು. ಕ್ಯಾಸೆಟ್ಟು ಬರಲಿಲ್ಲ, ದೀರ್ಘ ಅವಧಿಯ ಎಲ್‌ಪಿ ತಟ್ಟೆ ನಮ್ಮ ದೇಶದಲ್ಲಿ ಬೇರೂರಿರಲಿಲ್ಲ. ಇಪ್ಪತ್ತು ನಿಮಿಷ ಹಿಡಿಯುವ ತಟ್ಟೆ ಬಳಕೆಗೆ ಬರುವ ಹೊತ್ತಿಗೆ ಅದಕ್ಕೆ ಹಾಡಬೇಕಾದವರು ಇರಲಿಲ್ಲ. ಆ ಅವಕಾಶ ಶಿಷ್ಯರ ಪಾಲಿಗೆ ಬಂತು.

ಮರುವರ್ಷ, 1953ರಲ್ಲಿ, ಶಿಷ್ಯರು ಮತ್ತು ಆರ್ಯ ಸಂಗೀತ ಪ್ರಸಾರಕ ಮಂಡಳ ಸೇರಿ ಪುಣ್ಯತಿಥಿಯ ನೆನಪಿಗೆ ಸಂಗೀತ ಏರ್ಪಡಿಸಿದರು. ಭೀಮಸೇನರು ದಶಕಗಳ ಕಾಲ ಅದನ್ನು ತಲೆಯ ಮೇಲೆ ಹೊತ್ತು ನಡೆಸಿದರು. 2011ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಹೆಸರೂ ಉತ್ಸವಕ್ಕೆ ಸೇರಿತು. ಕುಂದಗೋಳದಲ್ಲೂ ನಾಡಿಗೇರ ವಾಡೆಯಲ್ಲಿ ಪುಣ್ಯತಿಥಿಯ ಸಂಗೀತ ನಡೆಯುತ್ತದೆ. ಹುಬ್ಬಳ್ಳಿಯಲ್ಲಿ ಅವರ ಹೆಸರಿನ ಸಭಾಭವನವಿದೆ.

ಹಿಂದುಸ್ತಾನಿ ಕಛೇರಿಯಲ್ಲಿ ಭೈರವಿ ಕೊನೆಗೆ ಬರುವ ರಾಗ. ಅದಾದ ಮೇಲೆ ಇನ್ನೊಂದು ಹಾಡುವ ವಾಡಿಕೆಯಿಲ್ಲ. ಹಾಗೆ ನೋಡಿದರೆ ಪುಣೆಯ ಉತ್ಸವದ ಪದ್ಧತಿಗೆ ಒಂದು ಆಳವಾದ ಅರ್ಥ ಬರುತ್ತದೆ. ಅಲ್ಲಿ ನಡೆಯುವ ದಿನಗಟ್ಟಲೆಯ ಗಾಯನ ವಾದನವೆಲ್ಲ ಒಂದೇ ಬೈಠಕ್ಕು, ಭೈರವಿಯ ಹೊತ್ತಿಗೆ ಮೂಲ ಗಾಯಕ ಬಂದು ಮುಗಿಸುತ್ತಾನೆ. ತಟ್ಟೆ ಅವರಿಗೆ ಕೊಡದ ಅರ್ಧ ಗಂಟೆಯನ್ನು ಇಡೀ ಉತ್ಸವ ಸೇರಿ ಕೊಡುತ್ತದೆ. ಕಂಠ ಕಾಯಲು ಹೊತ್ತು ಸಿಗದಿದ್ದರೇನು, ಕೇಳುವವರ ಕಿವಿ ಅಷ್ಟರಲ್ಲಿ ಚೆನ್ನಾಗಿ ಕಾದಿರುತ್ತದೆ. ಮೊಬೈಲಿನಲ್ಲಿ ಒಮ್ಮೆ ಕೇಳಿ ಇಷ್ಟೇನೇ ಅಂದುಕೊಂಡ ಅದೇ ರೆಕಾರ್ಡ್ ಅಲ್ಲಿ ಗಂಟಲು ಉಬ್ಬಿಸುವುದು ಅದಕ್ಕೇ.

ಮುಕುಂದನಗರಕ್ಕೆ ಹೋಗಲಾಗದವರೂ ಇದನ್ನು ಮನೆಯಲ್ಲಿ ಮಾಡಬಹುದು. ಸವಾಯಿ ಗಂಧರ್ವರ ಹಳೆಯ ರೆಕಾರ್ಡುಗಳು ಇಂದು ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತವೆ. ಮೊದಲು ಗಂಗೂಬಾಯಿಯವರ ಒಂದು ಖಯಾಲು, ಆಮೇಲೆ ದಸ್ತೂರರದೋ ಭೀಮಸೇನರದೋ ಇನ್ನೊಂದು, ಅವಸರವಿಲ್ಲದೆ ಪೂರ್ತಿ ಕೇಳಬೇಕು. ಆ ಹೊತ್ತಿಗೆ ರಾತ್ರಿಯಾಗಿದ್ದರೆ ಒಳ್ಳೆಯದು. ಆಮೇಲೆ ಆ ಮೂರೂವರೆ ನಿಮಿಷ.