ಮಗುವಿನ ಬುದ್ಧಿ, ಮನೆಯ ಮಾತು

ಊರು ಬಿಟ್ಟು ಬಂದು ಪರಭಾಷೆಯ ನಡುವೆ ಸಂಸಾರ ಹೂಡಿದ ನಮ್ಮಂಥವರ ಮನೆಗಳಲ್ಲಿ ಒಂದು ಪ್ರಶ್ನೆ ಆಗಾಗ ಏಳುತ್ತದೆ. ಮನೆಯಲ್ಲಿ ಅರಳು ಹುರಿದಂತೆ ಕನ್ನಡ ಆಡುವ ಮಗು ಶಾಲೆಯಲ್ಲಿ ಬಾಯಿ ಬಿಡದಿದ್ದರೆ ಅದು ದಡ್ಡತನವೇ, ಅಥವಾ ಪ್ರಶ್ನೆ ಕೇಳಿದ ಭಾಷೆ ಅದಕ್ಕೆ ದೂರದ್ದೇ? ಮನಶ್ಶಾಸ್ತ್ರದ ಚರಿತ್ರೆಯಲ್ಲಿ ಈ ಪ್ರಶ್ನೆಗೆ ನೂರು ವರ್ಷ ಮೀರಿದ ಕಥೆಯುಂಟು. ಅದರ ಒಂದು ಅಧ್ಯಾಯ ಕನ್ನಡ ಮಕ್ಕಳಿಗೇ ಸಂಬಂಧಿಸಿದ್ದೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಮನಸ್ಸನ್ನು ಪ್ರಯೋಗದಿಂದ ಅರಿಯಬಹುದೆಂದು ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ಪ್ರಯೋಗಶಾಲೆ ತೆರೆದದ್ದು 1879ರಲ್ಲಿ. ಈ ಹೊಸ ಶಾಸ್ತ್ರ ಪ್ರಯೋಗಶಾಲೆಯಿಂದ ಹೊರಟು ಮಕ್ಕಳ ಶಾಲೆಗೆ ಕಾಲಿಟ್ಟದ್ದು ಫ್ರಾನ್ಸಿನಲ್ಲಿ. ಶಿಕ್ಷಣ ಕಡ್ಡಾಯವಾದ ಮೇಲೆ, ಓದಿನಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಿ ಅವರಿಗೆ ಬೇರೆ ಬಗೆಯ ಬೋಧನೆ ಕೊಡುವುದು ಹೇಗೆಂದು ಅಲ್ಲಿನ ಸರ್ಕಾರ 1904ರಲ್ಲಿ ಒಂದು ಸಮಿತಿ ನೇಮಿಸಿತು. ಅದರ ಸದಸ್ಯರಾದ ಆಲ್ಫ್ರೆಡ್ ಬಿನೆ ತಮ್ಮ ಸಹೋದ್ಯೋಗಿ ಸಿಮೋನ್ ಅವರೊಡನೆ 1905ರಲ್ಲಿ 30 ಪರೀಕ್ಷೆಗಳ ಒಂದು ಮಾಲೆ ಸಿದ್ಧಪಡಿಸಿದರು. 1908ರಲ್ಲಿ ಅವನ್ನು ವಯಸ್ಸಿಗನುಗುಣವಾಗಿ ಜೋಡಿಸಿದರು. ಎಂಟು ವರ್ಷದ ಹೆಚ್ಚಿನ ಮಕ್ಕಳು ಮಾಡಬಲ್ಲದ್ದೇ ಎಂಟು ವರ್ಷದ ಅಳತೆ. ಅದನ್ನು ನಿಶ್ಚಯಿಸಿದ್ದು ಊಹೆಯಿಂದಲ್ಲ, ಸಾಮಾನ್ಯ ಮಕ್ಕಳನ್ನೇ ಪರೀಕ್ಷಿಸಿ. ಬುದ್ಧಿಯನ್ನು ಮೊಳ ಹಾಕಿ ಅಳೆಯಲಾಗದು, ಅದು ಹುಟ್ಟಿನಿಂದ ನಿಂತುಹೋದ ಪ್ರಮಾಣವೂ ಅಲ್ಲ ಎಂಬುದು ಬಿನೆಯವರ ದೃಢ ಅಭಿಪ್ರಾಯ. ಹಿಂದುಳಿದ ಮಗುವಿಗೆ ನೆರವಾಗುವುದೇ ಅವರ ಉದ್ದೇಶವಾಗಿತ್ತು.

ಆದರೆ ಸಾಧನ ಕೈ ಬದಲಾಯಿಸಿದಾಗ ಉದ್ದೇಶವೂ ಬದಲಾಯಿತು. ಅಮೆರಿಕದ ಹೆನ್ರಿ ಗೊಡ್ಡಾರ್ಡ್ ಈ ಪರೀಕ್ಷೆಯನ್ನು 1913ರಲ್ಲಿ ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪಕ್ಕೆ ಒಯ್ದರು. ಯೂರೋಪಿನಿಂದ ಹೊಟ್ಟೆಪಾಡಿಗೆ ವಲಸೆ ಬಂದವರು ಹಡಗಿನಿಂದ ಇಳಿಯುತ್ತಿದ್ದ ಜಾಗವದು. ಮಂದಬುದ್ಧಿಯವರೆಂದು ಕಂಡವರನ್ನು ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಕ್ಕೆ ಕಳುಹಿಸಲು ಕಾನೂನು ಇತ್ತು. ಇಟಲಿ, ಹಂಗೇರಿ, ರಷ್ಯಾಗಳಿಂದ ಬಂದವರನ್ನೂ ಯೆಹೂದಿಗಳನ್ನೂ ದುಭಾಷಿಗಳ ಮೂಲಕ ಪ್ರಶ್ನಿಸಲಾಯಿತು. ಇಂದಿನ ತಾರೀಖೇನು? ಮೂರು ನಿಮಿಷದಲ್ಲಿ 60 ಪದ ಹೇಳಬಲ್ಲಿರಾ? 1917ರಲ್ಲಿ ಫಲಿತಾಂಶ ಪ್ರಕಟವಾದಾಗ, ಹೀಗೆ ಪರೀಕ್ಷಿಸಲ್ಪಟ್ಟವರಲ್ಲಿ ಐವರಿಗೆ ನಾಲ್ವರಂತೆ ಮಂದಬುದ್ಧಿಯವರೆಂಬ ಲೆಕ್ಕ ಬಂದಿತ್ತು!

ಎಲ್ಲಿ ತಪ್ಪಿತು? ಸಂಶೋಧನಾ ವಿಧಾನದ ಮೊದಲ ಪಾಠಗಳೆಲ್ಲ ಇಲ್ಲಿವೆ. ಪರೀಕ್ಷಿಸಿದ್ದು 200ಕ್ಕೂ ಕಡಮೆ ಜನರನ್ನು. ಅವರೂ ಆರಿಸಿ ತೆಗೆದವರು, ಬಂದವರೆಲ್ಲರ ಪ್ರತಿನಿಧಿಗಳಲ್ಲ. ಹಡಗಿನ ಕೆಳದರ್ಜೆಯಲ್ಲಿ ದಿನಗಟ್ಟಲೆ ಪಯಣಿಸಿ ಬಂದ ದಣಿವು, ಅಧಿಕಾರಿಗಳ ಭಯ ಬೇರೆ. ಎಲ್ಲಕ್ಕಿಂತ ಮಿಗಿಲಾಗಿ, ಒಂದು ಭಾಷೆಯ ಮಕ್ಕಳಿಂದ ಕಟ್ಟಿದ ಅಳತೆಗೋಲನ್ನು ಇನ್ನೊಂದು ಭಾಷೆಯವರ ಮೇಲೆ ಇಟ್ಟದ್ದು. 1928ರ ವೇಳೆಗೆ ಗೊಡ್ಡಾರ್ಡರೇ ತಮ್ಮ ಹಳೆಯ ನಿಲುವುಗಳಲ್ಲಿ ಹಲವನ್ನು ಕೈಬಿಟ್ಟರು.

ನಮ್ಮ ದೇಶದಲ್ಲಿ ಬಿನೆ ಪರೀಕ್ಷೆಯನ್ನು ದೇಶಭಾಷೆಗೆ ಒಗ್ಗಿಸುವ ಮೊದಲ ಯತ್ನ 1922ರಲ್ಲಿ ಲಾಹೋರಿನಲ್ಲಿ, ಸಿ. ಹರ್ಬರ್ಟ್ ರೈಸ್ ಅವರಿಂದ ನಡೆಯಿತು, ಅದು ಹಿಂದೂಸ್ತಾನಿಯಲ್ಲಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಅದರ ಮುಖ್ಯಸ್ಥರು ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಅಭ್ಯಾಸ ಮಾಡಿದ್ದ ಎಂ.ವಿ. ಗೋಪಾಲಸ್ವಾಮಿ, 1935ರಲ್ಲಿ ಮೈಸೂರಿನಲ್ಲಿ ‘ಆಕಾಶವಾಣಿ’ ಬಾನುಲಿ ಕೇಂದ್ರ ತೆರೆದವರೂ ಅವರೇ. ಇತ್ತ ಮುಂಬಯಿ ಪ್ರಾಂತ್ಯದಲ್ಲಿ ವಿ.ವಿ. ಕಾಮತರು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಈ ಪರೀಕ್ಷೆಯನ್ನು ಪರಿಷ್ಕರಿಸಿ, 1934ರಲ್ಲಿ ಬ್ರಿಟನ್ನಿನ ಶಿಕ್ಷಣ ಮನಶ್ಶಾಸ್ತ್ರ ಪತ್ರಿಕೆಯಲ್ಲಿ ಅದರ ವಿವರ ಕೊಟ್ಟರು. 1940ರಲ್ಲಿ ಭಾರತೀಯ ಮಕ್ಕಳ ಬುದ್ಧಿಮಾಪನದ ಬಗ್ಗೆ ಅವರ ಪುಸ್ತಕವೂ ಹೊರಬಂತು.

ಪರಿಷ್ಕರಣವೆಂದರೆ ಬರಿಯ ಅನುವಾದವಲ್ಲ. ಬಿನೆಯವರು ಮಕ್ಕಳಿಂದ ಫ್ರಾನ್ಸಿನ ‘ಸೂ’ ನಾಣ್ಯ ಎಣಿಸಿದ್ದರು. ಅದರ ಜಾಗದಲ್ಲಿ ನಮ್ಮ ಮಗು ಕಂಡು ಬಲ್ಲ ನಾಣ್ಯ ಬರಬೇಕು. ತಿಂಗಳುಗಳ ಹೆಸರು ಕೇಳಿದರೆ ಮಗು ಜನವರಿ ಎಂದೀತು, ಚೈತ್ರವೆಂದೀತು. ಯಾವುದು ಸರಿಯೆಂದು ಮೊದಲೇ ಗೊತ್ತುಮಾಡಬೇಕು. ಪ್ರಾಸಪದ ಹೇಳುವುದು ಫ್ರೆಂಚಿನಲ್ಲಿ ಎಷ್ಟು ಕಷ್ಟವೋ ಕನ್ನಡದಲ್ಲೂ ಅಷ್ಟೇ ಎಂದು ಹೇಳುವಂತಿಲ್ಲ. ಆದ್ದರಿಂದ ಪ್ರತಿ ಪ್ರಶ್ನೆಯನ್ನೂ ಕನ್ನಡ ಮಕ್ಕಳ ಮುಂದಿಟ್ಟು, ಅದು ಯಾವ ವಯಸ್ಸಿಗೆ ಸಲ್ಲುವುದೆಂದು ಹೊಸದಾಗಿ ಕಂಡುಕೊಳ್ಳಬೇಕು. ಇದಕ್ಕೇ ಪ್ರಮಾಣೀಕರಣವೆನ್ನುವುದು.

ಈ ಚರಿತ್ರೆ ನಮಗೆ ಬರಿಯ ಪುಸ್ತಕದ ವಿಷಯವಲ್ಲ. ಎಲ್ಲಿಸ್ ದ್ವೀಪದಲ್ಲಿ ಸಾಲುಗಟ್ಟಿ ನಿಂತಿದ್ದವರಂತೆ ನಾವೂ ಅನ್ನ ಅರಸಿ ಬಂದವರೇ. ನಮ್ಮ ಮಗುವಿನ ಬುದ್ಧಿಗೆ ಯಾರಾದರೂ ಒಂದು ಅಂಕಿ ಬರೆದು ಕೈಗಿತ್ತರೆ, ಅದನ್ನು ಹಣೆಬರಹವೆಂದು ತಿಳಿಯಬೇಕಾಗಿಲ್ಲ. ಪರೀಕ್ಷೆಯೇ ಸುಳ್ಳೆಂದು ತಳ್ಳಿಹಾಕಲೂ ಬೇಕಾಗಿಲ್ಲ. ಯಾವ ಭಾಷೆಯಲ್ಲಿ ಕೇಳಿದಿರಿ? ಯಾವ ಮಕ್ಕಳೊಡನೆ ಹೋಲಿಸಿದಿರಿ? ಇದರಿಂದ ಮಗುವಿಗೆ ಯಾವ ನೆರವು ದೊರೆಯುತ್ತದೆ? ಈ ಮೂರನ್ನು ವಿನಯದಿಂದ, ಆದರೆ ತಪ್ಪದೆ ಕೇಳೋಣ. ಮೂರನೆಯ ಪ್ರಶ್ನೆಗೆ ಉತ್ತರವಿಲ್ಲದ ಪರೀಕ್ಷೆ ಬಿನೆಯವರ ಪರೀಕ್ಷೆಯಂತೂ ಅಲ್ಲ.