ಗವಾಸ್ಕರ್ ಎಂಬ ವಿರೋಧಭಕ್ತಿ

ಕಬ್ಬಿಣ ಮತ್ತು ಕಾಗದದ ಕಾರ್ಖಾನೆಗಳಿಗೆ ಹೆಸರಾದ ಭದ್ರಾವತಿ, ಗುಂಡಪ್ಪ ವಿಶ್ವನಾಥ್ ಅವರ ಹುಟ್ಟೂರೂ ಹೌದು. 1949ರ ಫೆಬ್ರವರಿ 12ರಂದು ಹುಟ್ಟಿದ ಅವರು 91 ಟೆಸ್ಟ್ ಆಡಿ 6,080 ರನ್ ಗಳಿಸಿದರು. ಈ ಅಂಕಿಗಿಂತ ಅಪರೂಪದ ಸಂಗತಿಯೆಂದರೆ, ವಿಶ್ವನಾಥ್ ಅವರನ್ನು ಬೈದವರು ಸಿಗುವುದು ಕಷ್ಟ. ಅದೇ ಕಾಲದಲ್ಲಿ, ಅದೇ ತಂಡದಲ್ಲಿ, ಅವರಿಗಿಂತ ಹೆಚ್ಚು ರನ್ ಪೇರಿಸಿದ ಸುನಿಲ್ ಗವಾಸ್ಕರ್ ಹೊಗಳಿಕೆಯ ಜೊತೆ ಬೈಗುಳವನ್ನೂ ಹೊಟ್ಟೆತುಂಬ ಉಂಡರು. ಶಿವಮೊಗ್ಗ, ಭದ್ರಾವತಿಗಳಂಥ ಊರುಗಳಿಗೆ ಕ್ರಿಕೆಟ್ ರೇಡಿಯೊ ಮತ್ತು ಪತ್ರಿಕೆಗಳ ಮೂಲಕವೇ ಬರುತ್ತಿದ್ದ ಎಪ್ಪತ್ತರ ದಶಕದಲ್ಲಿ ಇಬ್ಬರಲ್ಲಿ ಯಾರು ಮೇಲು ಎಂಬ ವಾದ ಕರ್ನಾಟಕದಲ್ಲಿ ಬಗೆಹರಿಯದೆ ಉಳಿಯಿತು. ಅಭಿಮಾನಿ ಒಬ್ಬ ಆಟಗಾರನನ್ನು ಬೈಯುವುದು ಅವನ ತಪ್ಪಿಗಾಗಿ ಅಲ್ಲ. ಅವನಿಲ್ಲದೆ ನಡೆಯದು, ಆದರೆ ಅವನು ನಮ್ಮ ಮುಖ ನೋಡಿ ಆಡುವುದಿಲ್ಲ ಎಂಬ ಸಂಕಟಕ್ಕಾಗಿ. ಇದು ಈ ಇಬ್ಬರನ್ನು ಅಕ್ಕಪಕ್ಕ ಇಟ್ಟಾಗ ಕಾಣುತ್ತದೆ.

ಇಬ್ಬರೂ ಆಡಿದ ಪಂದ್ಯಗಳನ್ನೇ ನೋಡೋಣ. 1975ರ ವಿಶ್ವಕಪ್‌ನಲ್ಲಿ ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್ 334 ರನ್ ಹೊಡೆದಾಗ ಗವಾಸ್ಕರ್ 60 ಓವರ್ ಪೂರ್ತಿ ನಿಂತು 174 ಎಸೆತಗಳಲ್ಲಿ ಅಜೇಯ 36 ಮಾಡಿದರು. ವಿಶ್ವನಾಥ್ ಮಾಡಿದ್ದು 37. ಸೋಲು ಮಾತ್ರ ಇಬ್ಬರದೂ. 1981ರ ಮೆಲ್ಬರ್ನ್ ಟೆಸ್ಟಿನಲ್ಲಿ ವಿಶ್ವನಾಥ್ ಶತಕ ಹೊಡೆದರೆ, ಆಸ್ಟ್ರೇಲಿಯಾದ ಲಿಲ್ಲಿ ಎಸೆತಕ್ಕೆ ಎಲ್‌ಬಿಡಬ್ಲ್ಯೂ ಕೊಟ್ಟದ್ದಕ್ಕೆ ಸಿಟ್ಟಾದ ಗವಾಸ್ಕರ್ ಜೊತೆಗಾರ ಚೇತನ್ ಚೌಹಾಣ್‌ರನ್ನೂ ಎಳೆದುಕೊಂಡು ಮೈದಾನದಿಂದ ಹೊರಟಿದ್ದರು. ಒಂದು ವರ್ಷ ಮೊದಲು, ಬೊಂಬಾಯಿಯ ಸುವರ್ಣ ಮಹೋತ್ಸವ ಟೆಸ್ಟಿನಲ್ಲಿ, ನಾಯಕ ವಿಶ್ವನಾಥ್ ಮಾಡಿದ್ದು ಇದಕ್ಕೆ ತದ್ವಿರುದ್ಧ: ಅಂಪೈರ್ ಔಟ್ ಕೊಟ್ಟಿದ್ದ ಇಂಗ್ಲೆಂಡಿನ ಬಾಬ್ ಟೇಲರ್‌ರನ್ನು ಮರಳಿ ಕರೆದರು. ಟೇಲರ್ ಮತ್ತು ಬೋಥಮ್ 171 ರನ್ ಜೊತೆಯಾಟ ಆಡಿದರು, ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಪಂದ್ಯ ಕೈತಪ್ಪಿದರೂ ಅವರ ಮೇಲೆ ಯಾರೂ ಮುನಿಯಲಿಲ್ಲ ಎನ್ನುವಷ್ಟು ಗೌರವ ಉಳಿಯಿತು. ಅಂದರೆ ಪ್ರೇಕ್ಷಕ ಫಲಿತಾಂಶವನ್ನಲ್ಲ, ಮನೋಭಾವವನ್ನು ತೂಗುತ್ತಾನೆ.

ಗವಾಸ್ಕರ್ ಮೇಲಿನ ಸಿಟ್ಟು ಬರೀ ಪ್ರಾಂತದ ಹೊಟ್ಟೆಕಿಚ್ಚು ಎನ್ನಬಹುದು. ಅವರ ಬೊಂಬಾಯಿ ಹದಿನೈದು ವರ್ಷ ಸತತ ರಣಜಿ ಗೆದ್ದಿತ್ತು. 1974ರ ಸೆಮಿಫೈನಲ್‌ನಲ್ಲಿ ಬೆಂಗಳೂರಿನಲ್ಲೇ ಆ ಓಟ ನಿಂತಿತು. ಕರ್ನಾಟಕದ ಪ್ರಸನ್ನ ಗವಾಸ್ಕರ್‌ರನ್ನು ಬೌಲ್ಡ್ ಮಾಡಿದ ಎಸೆತ ಇಂದಿಗೂ ಕಥೆಯಾಗಿದೆ. 1981–82ರ ಸೆಮಿಫೈನಲ್‌ನಲ್ಲಿ ಕರ್ನಾಟಕದ ರಘುರಾಮ್ ಭಟ್ ಅವರ ಎಡಗೈ ಸ್ಪಿನ್‌ಗೆ ಎದುರಾಗಿ ಬಲಗೈ ಗವಾಸ್ಕರ್ ಎಡಗೈಯಲ್ಲಿ ಬ್ಯಾಟ್ ಹಿಡಿದದ್ದನ್ನು ಕನ್ನಡಿಗರಲ್ಲಿ ಅವಮಾನವೆಂದೇ ಕಂಡವರಿದ್ದರು. ಆದರೆ ಪ್ರಾಂತವೇ ಕಾರಣವಾಗಿದ್ದರೆ ಕಲ್ಕತ್ತದ ಕಥೆ ಏನು? 1984–85ರಲ್ಲಿ ಇಂಗ್ಲೆಂಡ್ ವಿರುದ್ಧ ಡಿಕ್ಲೇರ್ ಮಾಡಲು ತಡಮಾಡಿದ ಭಾರತದ ನಾಯಕ ಗವಾಸ್ಕರ್ ಮೇಲೆ ಈಡನ್ ಗಾರ್ಡನ್ಸ್ ಜನ ಉರಿದೆದ್ದರು. 1987ರಲ್ಲಿ ಪಾಕಿಸ್ತಾನದ ವಿರುದ್ಧ ಅಲ್ಲಿ ನಡೆದ ಟೆಸ್ಟನ್ನು ಅವರು ಆಡಲೇ ಇಲ್ಲ. ಇನ್ನು ಕೆಟ್ಟ ನಡತೆಯೇ ಕಾರಣ ಎಂಬ ಮಾತೂ ಅರ್ಧಸತ್ಯ. ಎಡಗೈ ಬ್ಯಾಟಿಂಗ್ ನಿಯಮದೊಳಗಿನದು, ಮೇಲಾಗಿ ಅಸಾಧ್ಯ ಕೌಶಲದ್ದು: ಬೊಂಬಾಯಿ ಒಂಬತ್ತು ವಿಕೆಟ್‌ಗೆ ಮುಗಿಸಿದಾಗ ಅವರು ಅಜೇಯರು. ಸಾಧಾರಣ ಆಟಗಾರ ಹೀಗೆ ಮಾಡಿದ್ದರೆ ನಕ್ಕು ಮರೆಯುತ್ತಿದ್ದೆವು.

ನಮ್ಮ ಪುರಾಣಕ್ಕೆ ಈ ಭಾವ ಹೊಸತಲ್ಲ. ಏಳು ಜನ್ಮ ಭಕ್ತರಾಗಿರುವುದಕ್ಕಿಂತ ಮೂರು ಜನ್ಮ ವೈರಿಗಳಾಗಿ ಬೇಗ ಮರಳುತ್ತೇವೆಂದ ವಿಷ್ಣುವಿನ ದ್ವಾರಪಾಲಕ ಜಯವಿಜಯರ ಕಥೆ ಕೇಳಿದ ಜನಕ್ಕೆ ವಿರೋಧಭಕ್ತಿ ಗೊತ್ತು. ವೈರಿಯ ನೆನಪು ಭಕ್ತನ ನೆನಪಿಗಿಂತ ಎಡೆಬಿಡದ್ದು. ಗವಾಸ್ಕರ್‌ರನ್ನು ಬೈದವನು ಅವರ ಒಂದೊಂದು ಇನಿಂಗ್ಸನ್ನೂ ನೆನಪಿಟ್ಟಿದ್ದ. ಆದ್ದರಿಂದ ಆಟಗಾರನಿಗೆ ಬೈಗುಳ ಬಿದ್ದರೆ ಅದನ್ನು ಅವನ ಯೋಗ್ಯತೆಯ ಅಳತೆಯೆಂದೂ ಓದಬೇಕು. ಜನ ಎದುರುಬದುರು ನಿಲ್ಲಿಸಿದ ಇಬ್ಬರೂ ಭಾವಮೈದುನರಾದರು: ಗವಾಸ್ಕರ್ ತಂಗಿ ವಿಶ್ವನಾಥ್ ಪತ್ನಿ. ಗವಾಸ್ಕರ್ ತಮ್ಮ ಮಗನಿಗೆ ಇಟ್ಟ ಹೆಸರು ರೋಹನ್ ಜೈವಿಶ್ವ. ಮೂವರು ಕ್ರಿಕೆಟಿಗರ ನೆನಪು ಅದು: ರೋಹನ್ ಕನ್ಹಾಯ್‌ರಿಂದ ರೋಹನ್, ಜೈಸಿಂಹರಿಂದ ಜೈ, ಭದ್ರಾವತಿಯ ವಿಶ್ವನಾಥ್‌ರಿಂದ ವಿಶ್ವ.